ಇಪ್ಪತ್ತನಾಲ್ಕರಲ್ಲಿ ಒಂದು ಪಾಲು ಪೊಲೀಸ್

ದಕ್ಷಿಣ ಕನ್ನಡದಲ್ಲಿ ಗಂಡಸರು ನಿವೃತ್ತರಾದ ಮೇಲೆ ಏನು ಮಾಡಬೇಕು ಎಂಬುದಕ್ಕೆ ಒಂದು ಕ್ರಮ ಉಂಟು. ದೇವಸ್ಥಾನದ ಜೀರ್ಣೋದ್ಧಾರ ಸಮಿತಿಗೆ ಸೇರಬಹುದು. ತಾಳಮದ್ದಳೆಯಲ್ಲಿ ಅರ್ಥ ಹೇಳಬಹುದು. ಹೇಳಲಿಕ್ಕೆ ಬಾರದಿದ್ದರೆ ಎದುರಿನ ಸಾಲಿನಲ್ಲಿ ಕೂತು ಹೇಳುವವರ ತಪ್ಪು ಹುಡುಕಬಹುದು. ತೋಟ ಇದ್ದವರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಡಿಕೆಯ ಧಾರಣೆ ವಿಚಾರಿಸಬಹುದು. ಇದೆಲ್ಲವನ್ನೂ ಬಿಟ್ಟು, ಊಟದ ಮೇಜಿಗೆ ಹಳೆ ಪೇಪರು ಹಾಸಿ, ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಏರಿಸಿ, ಚಿಮುಟದ ತುದಿಯ ಚೂರಿಗೆ ಉಸಿರು ಬಿಗಿಹಿಡಿದು ಬಣ್ಣ ಬಳಿಯುವ ಒಬ್ಬರು ಬಂಟ್ವಾಳದಲ್ಲಿದ್ದಾರೆ. ಆ ಚೂರು ಒಂದು ಕಾರಿನ ಬಾಗಿಲಿನ ಹಿಡಿ. ಕಾರು ಪೊಲೀಸರ ಗಸ್ತಿನದ್ದು. ಉದ್ದ ಗೇಣಿಗಿಂತ ಕಡಿಮೆ.

ಹೆಸರು ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ, ಯಾಕೆಂದರೆ ಇವರದ್ದು ಒಂದು ಜಾತಿಯೇ ಉಂಟು. ಬೆಳ್ತಂಗಡಿಯಲ್ಲಿ ಒಬ್ಬರು, ಮೂಡುಬಿದಿರೆಯಲ್ಲಿ ಒಬ್ಬರು ಇದ್ದೇ ಇರುತ್ತಾರೆ. ಈ ಮೂವರು ಒಬ್ಬರಿಗೊಬ್ಬರು ಆಪ್ತಮಿತ್ರರು. ಪರಸ್ಪರರ ಕೆಲಸವನ್ನು ಒಪ್ಪಿದ ದಾಖಲೆ ಮಾತ್ರ ಎಲ್ಲಿಯೂ ಇಲ್ಲ.

ಇವರನ್ನು ಗುರುತಿಸುವುದು ಸುಲಭ. ಎಂಥದನ್ನು ಕಂಡರೂ ಇಪ್ಪತ್ತನಾಲ್ಕರಿಂದ ಭಾಗಿಸುತ್ತಾರೆ. ಬಿಡಿಭಾಗ ಜೋಡಿಸಿ ಮಾಡುವ ಪುಟ್ಟ ಕಾರಿನ ಕಿಟ್‌ಗಳಿಗೆ ಬಹುಮಟ್ಟಿಗೆ ನಡೆಯುವ ಅಳತೆ 1:24. ಅಸಲಿನ ಒಂದು ಅಡಿಗೆ ಇಲ್ಲಿ ಅರ್ಧ ಇಂಚು. ನಾಲ್ಕು ಮೀಟರಿಗೆ ಚೂರು ಕಡಿಮೆ ಇರುವ ಬೊಲೆರೊ ಹದಿನಾರೂವರೆ ಸೆಂಟಿಮೀಟರಿಗೆ ಇಳಿಯುತ್ತದೆ. ಇಲ್ಲಿಗೆ ನಿಲ್ಲಿಸಿದರೆ ತೊಂದರೆ ಇರಲಿಲ್ಲ. ವೇಣೂರಿನ ಮಹಾಮಸ್ತಕಾಭಿಷೇಕಕ್ಕೆ ಊರಿಗೆ ಊರೇ ಭಕ್ತಿಯಿಂದ ಕತ್ತೆತ್ತಿ ನಿಂತಿದ್ದಾಗ ಇವರು ಬಾಯಲ್ಲಿ ಲೆಕ್ಕ ಹಾಕುತ್ತಿದ್ದರು: "35 ಅಡಿ... ನಮ್ಮ ಅಳತೆಗೆ ಹದಿನೇಳೂವರೆ ಇಂಚು. ಶೋಕೇಸಿನಲ್ಲಿ ಹಿಡಿಯುತ್ತದೆ." ಕಿಟ್‌ನ ಬೆಲೆಯನ್ನು ಹೆಂಡತಿಗೆ ಹೇಳುವಾಗಲೂ ಅದೇ ಸೂತ್ರ. 3,600 ರೂಪಾಯಿಯ ಪೆಟ್ಟಿಗೆ ಮನೆಯ ಹೊಸಿಲು ದಾಟುವಷ್ಟರಲ್ಲಿ 150 ರೂಪಾಯಿ ಆಗಿರುತ್ತದೆ.

ಪೊಲೀಸ್ ಕಾರೇ ಯಾಕೆ ಎಂದು ಕೇಳಿದೆ. ಯುದ್ಧವಿಮಾನ ಎಲ್ಲರೂ ಮಾಡುತ್ತಾರೆ, ಟ್ಯಾಂಕ್ ಎಲ್ಲರೂ ಮಾಡುತ್ತಾರೆ, ದಿನಾ ಕಣ್ಣೆದುರು ಹೋಗುವ ಗಾಡಿಯನ್ನು ಸರಿಯಾಗಿ ನೋಡಿದವರು ಯಾರಿದ್ದಾರೆ ಮಾರಾಯ್ರೆ, ಎಂದರು. ಮಾತು ನಿಜ. ಆದರೆ ಅಂಗಡಿಯಲ್ಲಿ ಸಿಗುವ ಪೊಲೀಸ್ ಕಿಟ್‌ಗಳು ಅಮೆರಿಕದ್ದು ಅಥವಾ ಜಪಾನಿನದ್ದು. ಅಮೆರಿಕದ್ದು ಬೇಡವೇ ಬೇಡ ಎಂದರು ಇವರು. ಒಂದನೆಯದಾಗಿ ಅವರಲ್ಲಿ ಅಳತೆ ಹೆಚ್ಚಾಗಿ 1:25. ಎರಡನೆಯದಾಗಿ ಸ್ಟೇರಿಂಗ್ ಎಡಗಡೆ. ಜಪಾನಿನವರು ನಮ್ಮ ಹಾಗೆಯೇ ರಸ್ತೆಯ ಎಡಬದಿಯಲ್ಲಿ ಹೋಗುವವರು, ಸ್ಟೇರಿಂಗ್ ಬಲಗಡೆ, ನಂಬಿಕಸ್ಥ ಜನ. ಹೀಗೆ ಶಿಜುವೊಕಾ ನಗರದ ಅವೋಷಿಮಾ ಕಂಪನಿಯ ಪೆಟ್ಟಿಗೆಯೊಂದು, ಒಳಗೆ ಟೊಯೊಟಾ ಕ್ರೌನ್ ಗಸ್ತು ಕಾರನ್ನು ನೂರು ತುಂಡಾಗಿ ಹೊತ್ತು, ನೇತ್ರಾವತಿಯ ದಡಕ್ಕೆ ಬಂತು. ಬಿಳಿ ಬಣ್ಣ ಹೊಡೆದು, ಬಾಗಿಲಿಗೆ ಕನ್ನಡದಲ್ಲಿ 'ಪೊಲೀಸ್' ಎಂದು ಅಂಟಿಸಿ, ಇವರು ಮೂಡುಬಿದಿರೆಯವರನ್ನು ಕರೆದು ತೋರಿಸಿದರು. ಅವರು ಕಾರನ್ನು ಒಂದು ಸುತ್ತು ನೋಡಿ, ಕಾಫಿಯನ್ನು ಪೂರ್ತಿ ಕುಡಿದು ಮುಗಿಸಿ, ಒಂದೇ ಪ್ರಶ್ನೆ ಕೇಳಿದರು: "ಬಂಟ್ವಾಳ ಠಾಣೆಗೆ ಕ್ರೌನ್ ಕಾರು ಯಾವ ಟೆಂಡರಿನಲ್ಲಿ ಬಂತು?"

ಆ ಕ್ರೌನ್ ಈಗ ಅಟ್ಟದಲ್ಲಿದೆ. ಅದರ ಚಕ್ರ, ಸೀಟು, ಸ್ಟೇರಿಂಗ್ ಕಿತ್ತು, ಉಳಿದದ್ದನ್ನೆಲ್ಲ ಪ್ಲಾಸ್ಟಿಕ್ ಹಾಳೆಯಲ್ಲಿ ಕೊರೆದು ಬೊಲೆರೊ ಮಾಡುವ ಶಪಥ ಅಂದೇ ಆಯಿತು. ಅಟ್ಟ ಎಂದೆನಲ್ಲ, ಅಲ್ಲಿ ಇನ್ನೂ ಬಿಚ್ಚದ ಹದಿನೈದು ಇಪ್ಪತ್ತು ಪೆಟ್ಟಿಗೆಗಳಿವೆ. 1974ರ ನೆರೆ ಆ ಮನೆಯ ಗೋಡೆಯಲ್ಲಿ ಎಲ್ಲಿವರೆಗೆ ಏರಿತ್ತೋ ಅದಕ್ಕಿಂತ ಎರಡಡಿ ಮೇಲೆ ಹಲಗೆ ಹೊಡೆಸಿ ಜೋಡಿಸಿಟ್ಟಿದ್ದಾರೆ. ಜಾಗದ ಪಹಣಿ, ಮಗಳ ಮಾರ್ಕ್ಸ್ ಕಾರ್ಡು, ಬ್ಯಾಂಕಿನ ಬಾಂಡು ಕೆಳಗಿನ ಕಪಾಟಿನಲ್ಲಿವೆ. ನೆರೆ ಬಂದರೆ ಯಾವುದು ತೇಲಿಹೋಗಬೇಕು ಎಂಬುದನ್ನು ಅವರು ಯೋಚಿಸಿಯೇ ತೀರ್ಮಾನಿಸಿದ್ದಾರೆ.

ಬೊಲೆರೊದ ಕಿಟ್ ಇಲ್ಲವೆಂದ ಮೇಲೆ ಅಳತೆ ಅಸಲಿ ಗಾಡಿಯಿಂದಲೇ ಆಗಬೇಕು. ರಸ್ತೆ ಬದಿ ನಿಂತ ಗಸ್ತು ವಾಹನದ ಹಿಂದೆ ಒಬ್ಬ ಹಿರಿಯರು ಟೇಪು ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದಾರೆ, ಫೋನಿನಲ್ಲಿ ಚಕ್ರದ ಸಂದಿಯ ಫೋಟೊ ತೆಗೆಯುತ್ತಿದ್ದಾರೆ ಎಂದರೆ ಯಾವ ಪೊಲೀಸರಾದರೂ ಇಳಿದು ಬರಲೇಬೇಕು.

"ಎಂಥ ಬೇಕಿತ್ತು?"

"ಬಂಪರಿನ ಅಗಲ."

"ಯಾಕೆ?"

"ಮನೆಯಲ್ಲಿ ಇಂಥದೇ ಒಂದು ಮಾಡ್ತಾ ಇದ್ದೇನೆ."

ಈ ಉತ್ತರ ಎಷ್ಟು ಅಪಾಯಕಾರಿ ಎಂದು ಅವರಿಗೆ ಈಗಲೂ ಹೊಳೆದಿಲ್ಲ. ಅರ್ಧ ಗಂಟೆ ವಿವರಿಸಿ, ಫೋನಿನಲ್ಲಿದ್ದ ಫೋಟೊಗಳನ್ನೆಲ್ಲ ತೋರಿಸಿದ ಮೇಲೆ ಕಾನ್‌ಸ್ಟೇಬಲ್ ಸಾಹೇಬರೇ ಟೇಪಿನ ಇನ್ನೊಂದು ತುದಿ ಹಿಡಿದರಂತೆ. ಹೋಗುವಾಗ ಇವರು ಒಂದು ಸಲಹೆಯನ್ನೂ ಕೊಟ್ಟು ಬಂದಿದ್ದಾರೆ: ನಿಮ್ಮ ಗಾಡಿಯ 'ಪೊಲೀಸ್' ಸ್ಟಿಕ್ಕರು ಎಡಬಾಗಿಲಿಗಿಂತ ಬಲಬಾಗಿಲಿನಲ್ಲಿ ಸ್ವಲ್ಪ ಮೇಲಿದೆ, ನನ್ನದರಲ್ಲಿ ಸರಿ ಮಾಡಲಾ ಅಥವಾ ಹಾಗೆಯೇ ಬಿಡಲಾ?

ಸ್ಟಿಕ್ಕರಿನ ಕತೆ ಬೇರೆಯೇ. ಕಿಟ್‌ನ ಜೊತೆ ಬರುವುದು ನೀರಿನಲ್ಲಿ ಅರ್ಧ ನಿಮಿಷ ನೆನೆಸಿ ಜಾರಿಸಿ ಅಂಟಿಸುವ ತೆಳು ಪೊರೆ. ಅದರಲ್ಲಿ ಜಪಾನಿ ಅಕ್ಷರ ಉಂಟು, ಕನ್ನಡ ಇಲ್ಲ. ಮುದ್ರಿಸಲು ಫ್ಲೆಕ್ಸ್ ಅಂಗಡಿಗೆ ಹೋದರು. ಅಂಗಡಿಯ ಹುಡುಗ ಸೈಜ್ ಕೇಳಿದ. ಹನ್ನೆರಡು ಮಿಲಿಮೀಟರ್ ಎಂದರು. ಫೂಟಿನಲ್ಲಿ ಹೇಳಿ ಅಂಕಲ್, ಎಂದ. ಹೇಳಿದರು. ಅವನು ಬರೆದುಕೊಳ್ಳದೆ ಪೆನ್ನು ಕೆಳಗಿಟ್ಟು, "ಶುಭ ಕೋರುವವರ ಫೋಟೊ ಎಷ್ಟು ಬರ್ತದೆ ಇದರಲ್ಲಿ?" ಎಂದು ಕೇಳಿದ.

ಕೊನೆಗೆ ಮನೆಯ ಪ್ರಿಂಟರಿನಲ್ಲೇ ಮಾಡುವುದೆಂದಾಯಿತು. ಮಾಮೂಲಿ ಪ್ರಿಂಟರಿನಲ್ಲಿ ಬಿಳಿ ಶಾಯಿ ಇರುವುದಿಲ್ಲ. ಬಿಳಿ ಅಕ್ಷರ ಬೇಕಾದಲ್ಲಿ ಬಿಳಿ ಹಾಳೆಯ ಮೇಲೆ ಸುತ್ತಲಿನ ಬಣ್ಣವನ್ನು ಮುದ್ರಿಸಿ ಅಕ್ಷರವನ್ನು ಖಾಲಿ ಬಿಡಬೇಕು. ಇದನ್ನು ನನಗೆ ವಿವರಿಸುವಾಗ ಅವರ ಮುಖದಲ್ಲಿದ್ದ ಗಾಂಭೀರ್ಯವನ್ನು ನಾನು ಅವರ ಮಗಳ ಮದುವೆ ಮಾತುಕತೆಯಲ್ಲಿ ಕಂಡಿರಲಿಲ್ಲ.

ಆದರೆ ಬಾಗಿಲಿಗೆ ಬರೆಯುವುದು ಎಂಥದು? ಇಲ್ಲಿ ಮೂವರಿಗೂ ಜಗಳ ಹತ್ತಿತು. ಬಂಟ್ವಾಳ, ಬೆಳ್ತಂಗಡಿ ಠಾಣೆಗಳು ಜಿಲ್ಲಾ ಎಸ್‌ಪಿಯವರ ಕೆಳಗೆ. ಮೂಡುಬಿದಿರೆ ಹಾಗಲ್ಲ, ಅದು 2010ರಲ್ಲಿ ಶುರುವಾದ ಮಂಗಳೂರು ನಗರ ಕಮಿಷನರೇಟಿಗೆ ಸೇರಿದ್ದು. ಸಿದ್ದಕಟ್ಟೆ ದಾಟಿ ಆಚೆ ಹೋದರೆ ಗಾಡಿಯ ಮೇಲಿನ ಅಕ್ಷರವೇ ಬೇರೆ. "ನಮ್ಮದು ಸಿಟಿ ಪೊಲೀಸ್" ಎನ್ನುವಾಗ ಮೂಡುಬಿದಿರೆಯವರ ಎದೆ ಎರಡಿಂಚು ಉಬ್ಬುತ್ತದೆ, ಅಸಲಿ ಅಳತೆಯಲ್ಲಿ. ಸಿಟಿ ಎಂದರೆ ಸಾವಿರ ಕಂಬದ ಬಸದಿಯ ಎದುರು ದನ ಮಲಗುವುದಾ ಎಂದು ಬಂಟ್ವಾಳದವರು ತಿರುಗೇಟು ಕೊಟ್ಟರು. ನಂಬರ್ ಪ್ಲೇಟಿನಲ್ಲೂ ಇದೇ. ಸರಕಾರಿ ಗಾಡಿಯಾದ್ದರಿಂದ 'ಜಿ' ಅಕ್ಷರ ಬೇಕು, ಅದರಲ್ಲಿ ಒಮ್ಮತ. ಮುಂದಿನದ್ದು ಕೆಎ 19 ಮಂಗಳೂರೋ, ಕೆಎ 70 ಬಂಟ್ವಾಳವೋ? ಪ್ಲೇಟಿನ ಉದ್ದ ಎರಡು ಸೆಂಟಿಮೀಟರ್. ಅದರ ಮೇಲಿನ ಅಕ್ಷರ ಓದಲು ಭೂತಗನ್ನಡಿ ಬೇಕು. ಜಗಳ ಕೇಳಲು ಮಾತ್ರ ಪಕ್ಕದ ಮನೆಯವರಿಗೆ ಏನೂ ಬೇಕಾಗಲಿಲ್ಲ.

ಮಳೆಗಾಲ ಇವರ ಶತ್ರು. ಊರಿನವರೆಲ್ಲ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಲು ಬಿಸಿಲಿನ ಹೊಳವು ಕಾಯುವಾಗ ಇವರು ಪ್ರೈಮರ್ ಹೊಡೆಯಲು ಕಾಯುತ್ತಾರೆ. ಲ್ಯಾಕರ್ ಬಣ್ಣ ಬೇಗ ಆರುವ ದ್ರಾವಕದ್ದು. ಅದು ಹಾರಿಹೋಗುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲಿಯೇ ಕೂತು, ಬಣ್ಣದ ಮೇಲೆ ಬಿಳಿ ಬೂಷ್ಟಿನಂಥ ಮಬ್ಬು ಕಟ್ಟುತ್ತದೆ. ನಮ್ಮ ಜುಲೈಯಲ್ಲಿ ಗಾಳಿ ಎಂದರೆ ಅರ್ಧ ನೀರೇ. ಹಾಗಾಗಿ ಸೌದೆ ಒಲೆಯ ಮೇಲಿನ ಅಟ್ಟಳಿಗೆಯಲ್ಲಿ, ಒಣಗಲು ಇಟ್ಟ ಕೊಬ್ಬರಿಯ ಪಕ್ಕ, ಒಂದು ಪೊಲೀಸ್ ಜೀಪು ನಾಲ್ಕು ತಿಂಗಳು ನಿಂತಿತ್ತು. ಅದಕ್ಕೆ ಹಿಡಿದ ಹೊಗೆಯ ಕಂದು ಬಣ್ಣವನ್ನು ಹೊರಗಿನವರಿಗೆ "ಸರ್ವಿಸಿನಲ್ಲಿ ಹಳೆಯದಾದ ಗಾಡಿ" ಎಂದು ಪರಿಚಯಿಸುತ್ತಾರೆ.

ಬೆಳ್ತಂಗಡಿಯವರದ್ದು ಇನ್ನೂ ಜಾಣತನ. ಅವರು ಕಿಟಕಿಯ ಗಾಜನ್ನು ಸೂಪರ್ ಗ್ಲೂ ಹಾಕಿ ಅಂಟಿಸಿದರು. ಆ ಗೋಂದಿನ ಆವಿ ಪಾರದರ್ಶಕ ಪ್ಲಾಸ್ಟಿಕ್ಕಿಗೆ ತಾಗಿದರೆ ಬಿಳಿಚಿಕೊಳ್ಳುತ್ತದೆ. ಗಾಜಿಗೆ ಬಳಸಬಾರದು ಎಂದು ಪೆಟ್ಟಿಗೆಯ ಒಳಗಿನ ಕಾಗದದಲ್ಲೇ ಚಿತ್ರ ಸಮೇತ ಇತ್ತು. ಕಾಗದ ಓದುವುದು ಈ ಜಾತಿಯವರ ಮರ್ಯಾದೆಗೆ ಕಡಿಮೆ. ಬೆಳಗಾಗುವಾಗ ನಾಲ್ಕೂ ಗಾಜು ಮಂಜು. ಅವರು ಒಂದು ದಿನ ಮೌನವಾಗಿದ್ದು, ಮರುದಿನ ಕಾರಿನ ಅಡಿಯಲ್ಲಿ ಸಣ್ಣ ಫಲಕವೊಂದನ್ನು ಇಟ್ಟರು: 'ಚಾರ್ಮಾಡಿ ಘಾಟಿಯಲ್ಲಿ ರಾತ್ರಿ ಗಸ್ತು'. ಘಾಟಿಯ ರಸ್ತೆ ಕಂಡವರು ಯಾರೂ ಎದುರಾಡಲಿಲ್ಲ. ಚಕ್ರಗಳಿಗೆ ಅಂಗಳದ ಮುರಕಲ್ಲಿನ ಪುಡಿಯನ್ನು ಹೆಂಡತಿಯ ಚಹಾ ಸೋಸುವ ಜರಡಿಯಲ್ಲಿ ಸೋಸಿ ಮೆತ್ತಿದ್ದರು. ಕೆಸರು ಸ್ವಲ್ಪ ಕೆಂಪು ಜಾಸ್ತಿ ಎಂದು ಬಂಟ್ವಾಳದವರು ಆಕ್ಷೇಪ ಎತ್ತಿದಾಗ, ನಮ್ಮಲ್ಲಿ ಮಣ್ಣು ಹಾಗೇ, ಬೇಕಾದರೆ ಬಂದು ನೋಡಿ, ಎಂದರು. ಇವರು ಹೋಗಿ ನೋಡಿದರು. ಹೋದದ್ದು ಮಣ್ಣು ನೋಡಲಿಕ್ಕೆ. ಹಾಗೆಯೇ ಧರ್ಮಸ್ಥಳಕ್ಕೆ ಹೋಗಿ ಮಂಜುನಾಥನಿಗೆ ಕೈಮುಗಿದು, ಅಲ್ಲಿಯ ಹಳೆ ಕಾರುಗಳ ಸಂಗ್ರಹಾಲಯದಲ್ಲಿ ಮಧ್ಯಾಹ್ನದ ಊಟ ತಪ್ಪುವಷ್ಟು ಹೊತ್ತು ನಿಂತು ಬಂದರು. ಧರ್ಮಸ್ಥಳಕ್ಕೆ ಹೋಗಿ ಊಟ ತಪ್ಪಿಸಿಕೊಂಡವರನ್ನು ನಾನು ಕಂಡದ್ದು ಇವರೊಬ್ಬರನ್ನೇ.

ಮೂಡುಬಿದಿರೆಯವರಿಗೆ ಕಾರು ಮಾತ್ರ ಸಾಕಾಗುವುದಿಲ್ಲ, ಸನ್ನಿವೇಶ ಬೇಕು. ಕಡಲಕೆರೆಯ ಕೋಟಿ-ಚೆನ್ನಯ ಕಂಬಳದ ಬಂದೋಬಸ್ತಿಗೆ ನಿಂತ ಪೊಲೀಸ್ ಗಾಡಿ ಎಂದು ಶುರು ಮಾಡಿದರು. ಕೋಣಗಳು? ಆ ಅಳತೆಯ ಕೋಣ ಜಪಾನಿನವರು ಮಾಡುವುದಿಲ್ಲ. ಡಿಸೆಂಬರಿನಲ್ಲಿ ಕ್ರಿಸ್ಮಸ್ ಗೋದಲಿಯ ಬೊಂಬೆ ಮಾರುವ ಅಂಗಡಿಗೆ ಹೋಗಿ, ಬಾಲಯೇಸುವಿನ ಪಕ್ಕ ಮಲಗುವ ಎತ್ತುಗಳನ್ನು ಮಾತ್ರ ಕೊಡಿ ಎಂದರು. ಸೆಟ್ ಒಡೆಯಲಿಕ್ಕಾಗುವುದಿಲ್ಲ ಎಂದರು ಅಂಗಡಿಯವರು. ಎರಡು ಸೆಟ್ಟು ಕೊಂಡು, ಎತ್ತುಗಳಿಗೆ ಕಾಲು ಬಿಡಿಸಿ, ಕೊಂಬು ಬಗ್ಗಿಸಿ, ಕಪ್ಪು ಬಣ್ಣ ಬಳಿದು ಕಂಬಳಕ್ಕೆ ಇಳಿಸಿದರು. ಮಿಕ್ಕ ಮೂವರು ಜ್ಞಾನಿಗಳನ್ನು, ಎರಡು ಸೆಟ್ಟಿನಿಂದ ಆರು ಜನ, ಗದ್ದೆಯ ಅಂಚಿನಲ್ಲಿ ತೀರ್ಪುಗಾರರಾಗಿ ಕೂರಿಸಿದ್ದಾರೆ. ನಗಬೇಡಿ ಎನ್ನುತ್ತಾರೆ, ನಮ್ಮ ಊರಿನ ಚೌಟರ ಅರಮನೆಯ ಕಂಬದಲ್ಲಿ ಒಂಬತ್ತು ಹೆಂಗಸರನ್ನು ಜೋಡಿಸಿ ಒಂದು ಆನೆ ಮಾಡಿದ್ದಾರೆ, ಐವರನ್ನು ಜೋಡಿಸಿ ಕುದುರೆ. ಬಿಡಿಭಾಗ ಜೋಡಿಸುವ ವಿದ್ಯೆ ಜಪಾನಿನವರಿಗೆ ಕಲಿಸಿದ್ದು ನಾವು! ಚರಿತ್ರೆಯಲ್ಲಿ ಇದಕ್ಕೆ ಆಧಾರ ಇಲ್ಲ. ನವನಾರಿ ಕುಂಜರ ಮಾತ್ರ ಅಲ್ಲಿ ಇದೆ, ಹೋಗಿ ನೋಡಬಹುದು.

ಬಂಟ್ವಾಳದವರ ಮನೆಯವರ ಪಾಡು ಹೇಳಬೇಕು. ತುಂಡುಗಳನ್ನು ಚೌಕಟ್ಟಿನಿಂದ ಬಿಡಿಸಲು ಮೊದಲು ಮಾಯವಾದದ್ದು ಅತ್ತೆಯವರ ಅಡಕತ್ತರಿ. ನಂತರ ಹೊಲಿಗೆಯ ಸೂಜಿ, ಮಗಳ ಉಗುರುಬಣ್ಣ ತೆಗೆಯುವ ದ್ರವ. ಆ ದ್ರವ ತಾಗಿದ ಬಾನೆಟ್ಟು ಎಣ್ಣೆಗೆ ಬಿದ್ದ ಹಲಸಿನ ಹಪ್ಪಳದ ಹಾಗೆ ಸುರುಟಿಕೊಂಡದ್ದು ಬೇರೆ ವಿಷಯ. ಒಮ್ಮೆ ಬದಿಕನ್ನಡಿಯೊಂದು, ಆರು ಮಿಲಿಮೀಟರಿನದ್ದು, ಚಿಮುಟದಿಂದ ಸಿಡಿದು ಕೆಂಪು ನೆಲದ ಮೇಲೆ ಬಿತ್ತು. ಕೂಡಲೇ ಚಾವಡಿಗೆ ನಿಷೇಧಾಜ್ಞೆ. ಗುಡಿಸುವಂತಿಲ್ಲ, ನಡೆಯುವಂತಿಲ್ಲ, ಫ್ಯಾನ್ ಹಾಕುವಂತಿಲ್ಲ. ಟಾರ್ಚು ಹಿಡಿದು ನೆಲಕ್ಕೆ ಕೆನ್ನೆಯಿಟ್ಟು ಸ್ಥಳ ಮಹಜರು ನಡೆಯಿತು. ಬೆಕ್ಕಿನ ಮೇಲೆ ಗುಮಾನಿ, ಮೊಮ್ಮಗನ ವಿಚಾರಣೆ, ಕೆಲಸಕ್ಕೆ ಬರುವವಳ ಹೇಳಿಕೆ. ಮರುದಿನ ಅದು ಅವರದ್ದೇ ಬನಿಯನಿನಲ್ಲಿ ಸಿಕ್ಕಿತು. ಪ್ರಕರಣವನ್ನು ಸದ್ದಿಲ್ಲದೆ ಮುಕ್ತಾಯಗೊಳಿಸಿದರು. ಬೆಕ್ಕಿನ ಕ್ಷಮೆ ಕೇಳಲಿಲ್ಲ.

ಮಾಡೆಲಿನೊಳಗಿನ ಚಾಲಕನಿಗೆ ಸೀಟ್ ಬೆಲ್ಟ್ ಇದೆ. ಬಕಲ್ ಸಿಗರೇಟ್ ಪ್ಯಾಕಿನ ಬೇಗಡೆಯದ್ದು. ಮೇಲಿನ ದೀಪದ ಬಣ್ಣದಲ್ಲಿ ಒಂದು ಕೂದಲಿನಷ್ಟು ತಪ್ಪಿಲ್ಲ. 2017ರ ಮೇ 1ರಿಂದ ಮಂತ್ರಿಗಳ ಕಾರಿನ ಕೆಂಪು ದೀಪ ಹೋಯಿತು, ತುರ್ತು ವಾಹನಗಳಿಗೆ ಮಾತ್ರ ದೀಪ ಎಂದು ಕೇಳದಿದ್ದರೂ ಹೇಳುತ್ತಾರೆ. ಬಾಗಿಲ ಮೇಲಿನ ತುರ್ತು ಸಂಖ್ಯೆ ಹಳೆಯ 100 ಅಲ್ಲ, 112. ಇಷ್ಟೆಲ್ಲ ಮಾಡಿದ ಮನುಷ್ಯ ಥಿನ್ನರ್ ಮುಗಿಯಿತೆಂದು ಬಿ.ಸಿ. ರೋಡಿಗೆ ಹೊರಡುವುದು ಹೆಲ್ಮೆಟ್ ಇಲ್ಲದೆ, ಹಿಂದೆ ಮೊಮ್ಮಗ, ಮುಂದೆ ಮಡಚಿದ ಪಂಚೆ, ಒಂದು ಕಿವಿ ಮತ್ತು ಹೆಗಲಿನ ನಡುವೆ ಫೋನು. ಹಿಂಬದಿ ಸವಾರರಿಗೂ 2016ರಿಂದ ಹೆಲ್ಮೆಟ್ ಕಡ್ಡಾಯವಲ್ಲವೇ ಎಂದರೆ, "ಇಲ್ಲೇ ಅಲ್ಲವಾ ಮಾರಾಯ್ರೆ, ಒಂದು ಕಿಲೋಮೀಟರ್!" ಎನ್ನುತ್ತಾರೆ. ಕಾನೂನಿನ ಮೇಲೆ ಅವರಿಗೆ ಗೌರವ ಇಲ್ಲವೆಂದಲ್ಲ. ಇದೆ, 1:24ರ ಅಳತೆಯಲ್ಲಿ. ಅಲ್ಲಿ ಕೈಗೆಟುಕುವಷ್ಟೇ ಇರುವುದರಿಂದ ಪಾಲಿಸುವುದು ಸುಲಭ. ನಮ್ಮಲ್ಲಿ ಬಹಳ ಮಂದಿ ಕಾರು ಮಾಡದೆಯೇ ಇದೇ ಅಳತೆಯಲ್ಲಿದ್ದೇವೆ. ಇವರು ಕನಿಷ್ಠ ಕಾರಾದರೂ ಮಾಡಿದರು.

ಬೊಲೆರೊ ಕಳೆದ ನವರಾತ್ರಿಗೆ ಮುಗಿಯಿತು, ಅಥವಾ ಮುಗಿಯಿತೆಂದು ಘೋಷಣೆಯಾಯಿತು; ವೈಪರ್ ಒಂದು ಇನ್ನೂ ಬಾಕಿ. ಆಯುಧಪೂಜೆಯ ದಿನ ಮನೆಯ ಸ್ಕೂಟರ್, ಹುಲ್ಲು ಕೊಚ್ಚುವ ಯಂತ್ರ, ಮದ್ದು ಬಿಡುವ ಪಂಪಿನ ಸಾಲಿನಲ್ಲಿ ಅದನ್ನೂ ಇಟ್ಟು ಕುಂಕುಮ ಹಚ್ಚಿದರು. ಚಕ್ರದಡಿಗೆ ಲಿಂಬೆಹಣ್ಣು ಇಡಬೇಕಲ್ಲ? ಅಳತೆ ಹಾಕಿದರು. ಎರಡು ಮಿಲಿಮೀಟರಿಗೆ ಒಂದಿಷ್ಟು ಕಡಿಮೆ ಬಂತು. ಒಳಗಿನಿಂದ ನಾಲ್ಕು ಸಾಸಿವೆ ಕಾಳು ತರಿಸಿ, ನಾಲ್ಕು ಚಕ್ರಗಳ ಎದುರು ಇಟ್ಟು, ಬೆರಳಿನಿಂದ ಕಾರನ್ನು ಮೆಲ್ಲನೆ ಮುಂದೆ ದೂಡಿದರು. ಎರಡು ಕಾಳು ಒಡೆದವು, ಎರಡು ಸಿಡಿದುಹೋದವು. ಭಟ್ಟರು ದಕ್ಷಿಣೆ ಎಷ್ಟೆಂದು ಕೇಳಲೇ ಇಲ್ಲ, ಲೆಕ್ಕ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಅವರಿಗೆ ಗೊತ್ತಿತ್ತು.

ಇಂಥವರು ನಿಮ್ಮ ಊರಿನಲ್ಲೂ ಇದ್ದಾರು. ನೋಡಲು ಹೋಗುವುದಾದರೆ ದೀಪಾವಳಿ ಕಳೆದು ಹೋಗಿ. ಅದಕ್ಕಿಂತ ಮೊದಲು ಬಣ್ಣ ಆರಿರುವುದಿಲ್ಲ. ಮುಟ್ಟಬೇಡಿ, ಸಣ್ಣ ಮಕ್ಕಳನ್ನು ಎತ್ತಿಕೊಂಡೇ ಇರಿ. ಚಹಾ ಕೊಟ್ಟರೆ ಲೋಟವನ್ನು ಆ ಮೇಜಿನ ಮೇಲೆ ಇಡಬೇಡಿ. ಮತ್ತೆ, ದಮ್ಮಯ್ಯ, ಎಷ್ಟೇ ನಾಲಿಗೆ ತುರಿಸಿದರೂ "ಇದು ಓಡ್ತದಾ?" ಎಂದು ಮಾತ್ರ ಕೇಳಬೇಡಿ.