ಸಾಹೇಬ್ರ ಭೇಟಿ ಮಾಡಿಸುವ ಕೈಪಿಡಿ

ಪಕ್ಷ ಬದಲಿಸಿ ಊರವರಿಂದ ಬೈಸಿಕೊಳ್ಳುತ್ತಿರುವ ನಾಯಕರೊಬ್ಬರ ಪಿಎ ಆಗಿ ತುರ್ವಿಹಾಳ, ಮಸ್ಕಿ, ಸಿಂಧನೂರು ಕಡೆ ಕೆಲಸ ಸಿಕ್ಕವರು ಇದನ್ನು ಓದಿ ಕಿಸೆಯಲ್ಲಿಟ್ಟುಕೊಳ್ಳಬೇಕು. ಸಾಹೇಬ್ರು ಯಾರೆಂದು ಹುಡುಕಬೇಡಿ, ಅವರು ಕಲ್ಪಿತ. ಚರಿತ್ರೆ ಮಾತ್ರ ನಿಜ.

1. ಚರಿತ್ರೆ: ಬಾಯಿಪಾಠವಾಗಿರಲಿ. 2018ರಲ್ಲಿ ಮಸ್ಕಿಯಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳರನ್ನು 213 ಮತಗಳಿಂದ ಸೋಲಿಸಿದರು. 2021ರ ಉಪಚುನಾವಣೆಯಲ್ಲಿ ಮತ್ತೆ ಅವರಿಬ್ಬರೇ, ಚಿಹ್ನೆ ಮಾತ್ರ ಅದಲು ಬದಲು. ಈ ಸಲ ಕಾಂಗ್ರೆಸ್ಸಿನ ಬಸನಗೌಡರು 30,606 ಮತಗಳ ಅಂತರದಿಂದ ಗೆದ್ದರು. ಆದ್ದರಿಂದ ಭೇಟಿಗೆ ಬಂದವರಿಗೆ ‘ನೀವು ಯಾವ ಪಕ್ಷ?’ ಎನ್ನಬೇಡಿ. ‘ಈಗ ಯಾವ ಪಕ್ಷ?’ ಎನ್ನಿ.

2. ಫೋನು: ‘ಇಲ್ಲ’ ಎಂಬ ಮಾತು ನಿಷಿದ್ಧ. ‘ಮೀಟಿಂಗ್‌ನಾಗ ಅದಾರ್ರೀ’ ಎಂಬುದು ಬೆಳಿಗ್ಗೆ ಹತ್ತರಿಂದ ರಾತ್ರಿ ಹತ್ತರವರೆಗೆ ನಡೆಯುತ್ತದೆ. ಆಮೇಲೆ ‘ಬೆಂಗಳೂರಿಗೆ ಹೋಗ್ಯಾರ್ರೀ’. ಹೀಗೆನ್ನುವಾಗ ಒಳಗಿನಿಂದ ಸಾಹೇಬ್ರು ಕೆಮ್ಮಿದರೆ ಕೆಲಸ ಕೆಟ್ಟಿತು. ಮೊದಲೇ ಅಂಗಳಕ್ಕೆ ಬಂದು ಮಾತಾಡಿ.

3. ಜಾಗ: ಪತ್ರಕರ್ತರಿಗೆ ಐಬಿಯ ಮುಂಬಾಗಿಲು, ಗುತ್ತಿಗೆದಾರರಿಗೆ ಹಿಂಬಾಗಿಲು. ಎದುರು ಪಕ್ಷದವರಿಗೆ ಮದುವೆ ಮನೆಗಿಂತ ಒಳ್ಳೆಯ ಜಾಗವಿಲ್ಲ. ಅಲ್ಲಿ ‘ಯಾಕೆ ಬಂದ್ರಿ?’ ಎಂದು ಯಾರೂ ಕೇಳುವುದಿಲ್ಲ. ಇಬ್ಬರೂ ಅಕ್ಕಿಕಾಳು ಹಾಕಿ ಪಂಕ್ತಿಯಲ್ಲಿ ಪಕ್ಕಪಕ್ಕ ಕೂತರೆ, ಹೋಳಿಗೆಗೆ ತುಪ್ಪ ಬೀಳುವಷ್ಟರಲ್ಲಿ ಮಾತು ಮುಗಿದಿರುತ್ತದೆ.

4. ಫೋಟೊ: ಸನ್ಮಾನದ ಶಾಲು ಹೊದಿಸಲು ಬಂದವನ ಹಿನ್ನೆಲೆ ವಿಚಾರಿಸಿ. ಇವತ್ತಿನ ಶಾಲು ನಾಳೆ ಟೀವಿಯಲ್ಲಿ ಕೆಂಪು ವೃತ್ತದೊಳಗೆ ಕಾಣಿಸಬಹುದು.

5. ರೈತರ ನಿಯೋಗ: ಮೇಲಿನ ನಾಲ್ಕೂ ಸೂತ್ರ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲೇ ಭತ್ತಕ್ಕೆ ನೀರು ಹರಿದುಹೋದರೆ ಕೊನೆ ಭಾಗದವರಿಗೆ ಉಳಿಯುವುದು ಒಣ ಕಾಲುವೆ. ಇತ್ತ ತಮ್ಮ ಹೊಲಗಳಿಗೆ ನೀರು ತರುವ 5ಎ ಕಾಲುವೆ ಬೇಕೆಂದು ಪಾಮನಕಲ್ಲೂರಿನಲ್ಲಿ ಧರಣಿ ಕೂತವರು ಉಪಚುನಾವಣೆಯ ಭಾಷಣಗಳನ್ನೆಲ್ಲ ಕೇಳಿದವರು. ಇಂಥವರಿಗೆ ‘ಮೀಟಿಂಗ್‌ನಾಗ ಅದಾರ್ರೀ’ ಎಂದು ನೋಡಿ. ‘ಸಾಹೇಬ್ರು ಬರೋದು ಬ್ಯಾಡ್ರೀ ತಮ್ಮಾ, ನೀರು ಬರ್ಲಿ ಸಾಕು’ ಎನ್ನುತ್ತಾರೆ. ಇದಕ್ಕೆ ಪಿಎ ಬಳಿ ಉತ್ತರವಿಲ್ಲ. ನೀರು ಬಿಡುವ ದಿನ ನಿರ್ಧಾರವಾಗುವುದು ನೀರಾವರಿ ಸಲಹಾ ಸಮಿತಿಯಲ್ಲಿ, ಗೇಟಿನ ಲೆಕ್ಕ ಇರುವುದು ಎಂಜಿನಿಯರ್ ಕೈಯಲ್ಲಿ. ನಾಯಕರು ಆ ಸಭೆಯಲ್ಲಿ ಏನು ಮಾತಾಡಿದರು ಎಂಬುದೇ ರೈತರಿಗೆ ಬೇಕಾದ ಭೇಟಿ.

ಬಾಗಿಲಾಚೆ ನಿಂತವರಿಗೂ ಒಂದು ಮಾತು. ಮನವಿಯನ್ನು ಎರಡು ಪ್ರತಿ ತನ್ನಿ. ಒಂದನ್ನು ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ಮುದ್ರೆ, ತಾರೀಖು ಹಾಕಿಸಿಕೊಳ್ಳಿ. ಪಿಎ ಬಾಯಿಮಾತಿಗೆ ಮುದ್ರೆ ಇರುವುದಿಲ್ಲ.