ಎರಡು ಸಿಮ್ಮಿನ ರಾಯರು

ನಮ್ಮ ಬೀದಿಯ ರಾಯರು ಬ್ಯಾಂಕಿನಿಂದ ನಿವೃತ್ತರಾಗಿ ಎಂಟು ವರ್ಷ. ಮಗ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದಾನೆ. ಹೋದ ಬೇಸಿಗೆಯಲ್ಲಿ ಹೊರಟಾಗ ಸೂಟ್‌ಕೇಸಿಗೆ ಚಟ್ನಿಪುಡಿ, ಹುಳಿಪುಡಿ ತುಂಬಿದ್ದೆಲ್ಲ ಅವರ ಮನೆಯವರು. ರಾಯರು ಸಜ್ಜು ಮಾಡಿದ್ದು ಫೋನನ್ನು ಮಾತ್ರ. ಅದಕ್ಕೇ ನಾಲ್ಕು ದಿನ ಹಿಡಿಯಿತು.

ಅವರ ಫೋನಿನ ತಟ್ಟೆಯಲ್ಲಿ ಎರಡು ಸಿಮ್ ಕೂರುತ್ತವೆ. ಇಲ್ಲವೇ ಒಂದು ಸಿಮ್, ಒಂದು ಮೆಮೊರಿ ಕಾರ್ಡು. ಕಾರ್ಡಿನಲ್ಲಿ ಸುಬ್ಬುಲಕ್ಷ್ಮಿಯವರ ವಿಷ್ಣು ಸಹಸ್ರನಾಮವಿತ್ತು. ಅಮೆರಿಕದ ಸಿಮ್ಮಿಗೆ ಜಾಗ ಬಿಟ್ಟುಕೊಟ್ಟು ಸಹಸ್ರನಾಮ ಮಂತ್ರಾಕ್ಷತೆ ಪೊಟ್ಟಣ ಸೇರಿತು. ತಟ್ಟೆ ಎಬ್ಬಿಸುವ ಪಿನ್ನೂ ಅಲ್ಲೇ.

"ಒಂದನೇದಕ್ಕೆ ಗಾಂಧಿಬಜಾರ್ ಅಂತ ಹೆಸರಿಟ್ಟಿದೀನಿ, ಎರಡನೇದಕ್ಕೆ ಸನ್ನಿವೇಲ್. ಎರಡೂ ಆನ್ ಇರತ್ತೆ, ಡೇಟಾ ಮಾತ್ರ ಎರಡನೇದರದ್ದು. ಗಾಂಧಿಬಜಾರಿನ ಡೇಟಾ ರೋಮಿಂಗ್ ಆನ್ ಆಯ್ತೋ, ನನ್ನ ಪೆನ್ಷನ್ ಮುಗೀತು!" ಎಂದರು. ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುವ ಜನ ಅವರು. ಆ ರೋಮಿಂಗ್ ಗುಂಡಿಯನ್ನೂ ಹಾಗೇ ನೋಡಿಕೊಂಡರು.

"ಇಲ್ಲಿಯ ಸಿಮ್ ಮನೇಲೇ ಇಟ್ಟು ಹೋಗಬಹುದಲ್ಲ?" ಅಂದೆ.

"ಓಟಿಪಿ ನಿಮ್ಮನೆಗೆ ಬರತ್ತಾ ಸ್ವಾಮಿ?"

ಸರಿಯೇ. ಬೀಗ ಹಾಕಿದ ಮನೆಯ ಕರೆಂಟ್ ಬಿಲ್ಲನ್ನು ರಾಯರು ಸನ್ನಿವೇಲ್‌ನ ಅಡುಗೆಮನೆಯಲ್ಲಿ ನಿಂತು ಕಟ್ಟುತ್ತಾರೆ. ಓಟಿಪಿ ಬರುತ್ತದೆ. ಕನ್ನಡಕ ಬೇರೆ ಕೋಣೆಯಲ್ಲಿರುತ್ತದೆ. ತರುವಷ್ಟರಲ್ಲಿ ಅವಧಿ ಮುಗಿದು, ಮತ್ತೆ ಕೇಳಿ, ಎರಡನೆಯದು ಬಂದಾಗ ಅವಸರದಲ್ಲಿ ಮೊದಲನೆಯದನ್ನೇ ಒತ್ತುತ್ತಾರೆ. ಸೊಸೆ ಆ ಹೊತ್ತಿಗೆ ಹಿತ್ತಲಿಗೆ ಹೋಗಿಬಿಡುತ್ತಾಳಂತೆ, ನಗಲು.

ರಾತ್ರಿಯ ಕಥೆ ಬೇರೆ. ಬೆಂಗಳೂರಿನ ಮಧ್ಯಾಹ್ನ 3 ಗಂಟೆ ಎಂದರೆ ಬೇಸಿಗೆಯಲ್ಲಿ ಅಲ್ಲಿ ನಡುರಾತ್ರಿ 2.30. ಗಾಂಧಿಬಜಾರ್ ಸಿಮ್ ರಿಂಗಾಯಿತು. ರೋಮಿಂಗಿನಲ್ಲಿ ಎತ್ತಿದರೆ ಕಾಸು, ಎತ್ತದಿದ್ದರೆ ಊರಲ್ಲಿ ಯಾರಿಗೆ ಏನಾಯಿತೋ ಎಂಬ ದಿಗಿಲು. ಎದೆ ಹಿಡಿದುಕೊಂಡು ಎತ್ತಿದರು.

"ಸರ್, ಪರ್ಸನಲ್ ಲೋನ್ ಬೇಕಿತ್ತಾ?"

ಮೂವತ್ತೈದು ವರ್ಷ ಸಾಲದ ಅರ್ಜಿಗಳನ್ನು ತಿರಸ್ಕರಿಸುತ್ತಲೇ ಬಂದ ಮನುಷ್ಯ! ಬಡ್ಡಿ ಎಷ್ಟೆಂದು ಕೇಳದೆ ಇಡಲಾಗಲಿಲ್ಲ. ಕೇಳಿದರು, ಜಾಸ್ತಿಯಾಯಿತೆಂದು ವಾದಿಸಿದರು, ನಿಮಿಷಕ್ಕಿಷ್ಟೆಂದು ತಾವೇ ದುಡ್ಡು ತೆತ್ತು.

ಕಾಸ್ಟ್‌ಕೊದಲ್ಲಿ ಆದದ್ದನ್ನು ಮಾತ್ರ ಅವರು ಹೇಳುವುದಿಲ್ಲ, ಅವರ ಮನೆಯವರು ಹೇಳುತ್ತಾರೆ. ಅಕ್ಕಿ ಮೂಟೆಗಳ ಮುಂದೆ ಮಗ ತಪ್ಪಿಸಿಕೊಂಡ. ಯಾವ ಸಿಮ್ ಎಂದು ಫೋನು ಕೇಳಿತು. ಬೆರಳು ರೂಢಿಯಂತೆ ಗಾಂಧಿಬಜಾರನ್ನೇ ಒತ್ತಿತು.

"ಪುಟ್ಟಾ, ಎಲ್ಲಿದೀಯೋ?"

"ನಿಮ್ಮ ಬೆನ್ನ ಹಿಂದೇನೇ ಇದೀನಿ ಅಣ್ಣ. ಇಂಡಿಯಾ ನಂಬರಿಂದ ಯಾಕೆ ಮಾಡಿದ್ರಿ?"

ತಿರುಗಿ ನೋಡಿದರು. ಆದರೂ ಫೋನ್ ಕಿವಿಯಲ್ಲೇ ಇಟ್ಟುಕೊಂಡು, "ಸೋನಾಮಸೂರಿ ತಗೊಳ್ಳೋದಾ?" ಎಂದು ವಿಚಾರಿಸಿದರಂತೆ.

ಊರಿಗೆ ಬಂದು ಎಂಟು ತಿಂಗಳಾಯಿತು. ಸನ್ನಿವೇಲ್ ಸಿಮ್ ಇನ್ನೂ ಫೋನಿನಲ್ಲೇ ಇದೆ. 'ನೋ ಸರ್ವಿಸ್' ಎನ್ನುತ್ತದೆ. ತೆಗೆದು ಸಹಸ್ರನಾಮ ಹಾಕಿಕೊಳ್ಳಿ ಎಂದರೆ, "ಮತ್ತೆ ಹೋಗೋದಿದೆಯಲ್ಲ" ಅನ್ನುತ್ತಾರೆ. ಮುಂದಿನ ತಿಂಗಳು ಹೊರಡುತ್ತಿದ್ದಾರೆ. ಮಾತಾಡುವುದಿದ್ದವರು ದಯವಿಟ್ಟು ವಾಟ್ಸಾಪಿನಲ್ಲಿ, ನಮ್ಮ ಬೆಳಗಿನ ಕಾಫಿ ಹೊತ್ತಿಗೆ ಮಾಡಿ. ಮಧ್ಯಾಹ್ನ ಗಾಂಧಿಬಜಾರಿಗೆ ಮಾಡಿದರೆ ಸನ್ನಿವೇಲ್‌ನಲ್ಲಿ ಇಡೀ ಮನೆ ಏಳುತ್ತದೆ.