ಟ್ರೈಲರ್ ಮಾವ

ಟ್ರೈಲರ್ ಮಾವನ ಹತ್ತಿರ ಟ್ರೈಲರ್ ಇಲ್ಲ. ಅದನ್ನು ಎಳೆಯುವ ಟ್ರ್ಯಾಕ್ಟರೂ ಇಲ್ಲ. ಇರುವುದು ಒಂದು ಟಿವಿಎಸ್ ಎಕ್ಸೆಲ್. ಅದರ ಎರಡು ಮಗ್ಗುಲಿಗೂ ಹಾಲಿನ ಕ್ಯಾನು ನೇತುಹಾಕಿಕೊಂಡು ಬೆಳಿಗ್ಗೆ ಡೇರಿಗೆ ಹೋಗಿ ಬಂದರೆ ಸ್ವಂತ ಕೆಲಸ ಮುಗಿಯಿತು. ಉಳಿದ ಹೊತ್ತೆಲ್ಲ ಪರೋಪಕಾರ. ಶೆಟ್ಟಿಹಳ್ಳಿಯ ಟೀ ಅಂಗಡಿ ಮುಂದಿನ ಕಲ್ಲುಚಪ್ಪಡಿಯ ಮೇಲೆ ಅವರು ಕಾಲು ಮಡಿಚಿ ಕೂತರೆಂದರೆ, ಊರಿನಲ್ಲಿ ಯಾರೋ ಏನನ್ನೋ ಕೊಳ್ಳುವುದರಲ್ಲಿದ್ದಾರೆ ಎಂದೇ ಲೆಕ್ಕ.

ಗೊರೂರು ನಮಗೆ ಹತ್ತಿರ. ಸಾಹಿತಿ ರಾಮಸ್ವಾಮಿ ಅಯ್ಯಂಗಾರರು ಕುಡಿದ ಹೇಮಾವತಿಯ ನೀರನ್ನೇ ನಾವೂ ಕುಡಿಯುವುದರಿಂದ ಮಾತಿಗೆ ಬರವಿಲ್ಲ. ಆದರೆ ಮಾವನ ಮಾತು ಎಲ್ಲಿ ಹುಟ್ಟಿದರೂ ಒಂದೇ ಕಾಲುವೆಗೆ ಬಂದು ಸೇರುತ್ತದೆ. ಮದುವೆಯ ವಿಚಾರ ತೆಗೆದರೆ, "ಹೆಣ್ಣಿನ ಕಡೆಯೋರು ಬಲವಾಗವ್ರೆ ಕಣಯ್ಯ. ನಾಕು ಚಕ್ರದ ಟ್ರೈಲರ್ ಇದ್ದಂಗೆ. ಎಳೆಯೋನ ಮೇಲೆ ಭಾರ ಬೀಳಾಕಿಲ್ಲ" ಎನ್ನುತ್ತಾರೆ. ಚುನಾವಣೆ ಬಂದರೆ ಯಾವ ಪಕ್ಷದ ಹುಕ್ಕಿಗೆ ಯಾರು ಸಿಕ್ಕಿಕೊಂಡರು, ಯಾರ ಪಿನ್ನು ಕಳಚಿತು ಎಂಬುದೇ ಅವರ ವಿಶ್ಲೇಷಣೆ. ನಮ್ಮ ಜಿಲ್ಲೆಯ ರಾಜಕೀಯಕ್ಕೆ ಇದಕ್ಕಿಂತ ಒಳ್ಳೆಯ ಪರಿಭಾಷೆ ನನಗೂ ಸಿಕ್ಕಿಲ್ಲ.

ಊರಿಗೆ ಹೊಸ ಟ್ರೈಲರ್ ಬಂದ ದಿನ ಅವರನ್ನು ನೋಡಬೇಕು. ಪೂಜೆ ಮಾಡಿ, ನಿಂಬೆಹಣ್ಣು ತುಳಿಸಿ, ಯಜಮಾನ ಹಲ್ಲು ಬಿಡುತ್ತ ನಿಂತಿರುತ್ತಾನೆ. ಮಾವ ಮಾತಾಡದೆ ಒಂದು ಪ್ರದಕ್ಷಿಣೆ ಬರುತ್ತಾರೆ. ಡಬ್ಬದ ತಗಡನ್ನು ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿಯಿಟ್ಟು ಕೇಳಿ, "ಹನ್ನೆರಡು ಗೇಜು ಅಂದ್ನಾ? ಹೂಂ" ಎನ್ನುತ್ತಾರೆ. ಆ "ಹೂಂ"ನಲ್ಲಿ ತಗಡು ಹದಿನಾಲ್ಕಕ್ಕೆ ಇಳಿದಿರುತ್ತದೆ. ಆಮೇಲೆ ಪಂಚೆ ಎತ್ತಿಕಟ್ಟಿ ಕೆಳಗೆ ಬಗ್ಗಿ ಕಮಾನು ಪಟ್ಟಿ ಎಣಿಸುತ್ತಾರೆ. ಆಕ್ಸಲ್ಲಿನ ಬಣ್ಣವನ್ನು ಉಗುರಿನಿಂದ ಕೆರೆದು, ಅದು ಯಾವುದೋ ಗುಜರಿ ಲಾರಿಯದು ಎಂಬ ಅನುಮಾನವನ್ನು ಬಾಯಿ ಬಿಡದೆಯೇ ಎಲ್ಲರಿಗೂ ಹಂಚುತ್ತಾರೆ. ಕಡೆಗೆ ಎದ್ದು ನಿಂತು, ಕೈ ಒದರಿಕೊಂಡು, ಸಾವಿನ ಮನೆಯಲ್ಲಿ ಕೇಳುವಷ್ಟು ಮೃದುವಾಗಿ ಕೇಳುತ್ತಾರೆ: "ದುಡ್ಡು ಪೂರ್ತಿ ಕೊಟ್ಬಿಟ್ಟಾ?"

ಕೊಟ್ಟಿರುತ್ತಾನೆ. ಕೊಟ್ಟಿರುವುದು ಮಾವನಿಗೂ ಗೊತ್ತಿರುತ್ತದೆ.

ಹಾಗೆಂದು ಅವರದು ಬರೀ ಗಾಳಿಮಾತಲ್ಲ. ಎರಡು ಚಕ್ರದ ಟ್ರೈಲರಿನಲ್ಲಿ ಹೊರೆಯ ಒಂದು ಪಾಲು ಟ್ರ್ಯಾಕ್ಟರಿನ ಹಿಂಗಾಲ ಮೇಲೆ ಕೂರುವುದರಿಂದ ಕೆಸರು ಗದ್ದೆಯಲ್ಲಿ ಚಕ್ರಕ್ಕೆ ಹಿಡಿತ ಸಿಗುತ್ತದೆ. ನಾಲ್ಕು ಚಕ್ರದ್ದು ತನ್ನ ಹೊರೆ ತಾನೇ ಹೊರುತ್ತದೆ, ಆದರೆ ಹಿಂದಕ್ಕೆ ಬಿಡುವಾಗ ಎರಡು ಕಡೆ ಮುರಿದುಕೊಳ್ಳುತ್ತದೆ ಎಂದು ನನಗೆ ತಿಳಿಸಿದವರು ಅವರೇ. "ಎರಡು ಚಕ್ರದ್ದು ರಿವರ್ಸ್ ಬಿಡೋದು ಅಂದ್ರೆ ಮೊಂಡ ಅಳಿಯನಿಗೆ ಬುದ್ಧಿ ಹೇಳಿದಂಗೆ. ಎಡಕ್ಕೆ ಹೋಗ್ಬೇಕಾದ್ರೆ ಬಲಕ್ಕೆ ತಿರುಗಿಸ್ಬೇಕು. ನಾಕು ಚಕ್ರದ್ದಕ್ಕೆ ಅಳಿಯನ ತಮ್ಮನೂ ಜತೇಲಿ ಇರ್ತಾನೆ." ನಮ್ಮ ಕಡೆಯ ಬಹುಪಾಲು ಟ್ರೈಲರುಗಳಿಗೆ ಸ್ವಂತ ಬ್ರೇಕಿಲ್ಲ, ಆಲೂಗೆಡ್ಡೆ ಮೂಟೆ ತುಂಬಿ ಇಳಿಜಾರಿಗೆ ಬಿಟ್ಟರೆ ಎಳೆಯಬೇಕಾದ ಟ್ರ್ಯಾಕ್ಟರನ್ನೇ ಅದು ತಳ್ಳಿಕೊಂಡು ಹೋಗುತ್ತದೆ ಎಂದು ಅವರು ಬಾಯಿ ಬಡಿದುಕೊಳ್ಳುವುದೂ ಸುಳ್ಳಲ್ಲ. ಸಮಸ್ಯೆಯೆಂದರೆ ಇದನ್ನೆಲ್ಲ ಅವರು ಹೇಳುವುದು ಗಾಡಿ ಇಳಿಜಾರಿನಲ್ಲಿದ್ದಾಗ.

ಇಂಥವರ ಕೈಗೆ ನಾನೇ ಹೋಗಿ ಸಿಕ್ಕಿಕೊಂಡೆ.

ಮೂವತ್ತು ವರ್ಷ ಪುಣೆಯಲ್ಲಿ ಗುಮಾಸ್ತಗಿರಿ ಮಾಡಿ ನಿವೃತ್ತನಾದವನು ನಾನು. ಅಲ್ಲಿ ಸಂಪಾದಿಸಿದ ಏಕೈಕ ಸ್ಥಿರಾಸ್ತಿ ಒಂದು ಅಂಬಾಸಿಡರ್ ಕಾರು. ಸ್ಥಿರಾಸ್ತಿ ಎಂದೆ ಏಕೆಂದರೆ ನಾಲ್ಕು ವರ್ಷದಿಂದ ಅದರ ಎಂಜಿನ್ ಉಸಿರೆತ್ತಿಲ್ಲ. ಉತ್ತರಪಾರಾ ಕಾರ್ಖಾನೆ 2014ರಲ್ಲಿ ಅಂಬಾಸಿಡರ್ ಮಾಡುವುದನ್ನು ನಿಲ್ಲಿಸಿದ ಮೇಲಂತೂ ಅದರ ಮೇಲಿನ ಮಮತೆ ಹೆಚ್ಚಾಗಿ, ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಊರಿಗೆ ತಂದು ಅಂಗಳದಲ್ಲಿ ನಿಲ್ಲಿಸುವುದೆಂದು ತೀರ್ಮಾನಿಸಿದೆ. "ತನ್ನಿ, ಕೋಳಿಗೆ ಮೊಟ್ಟೆ ಇಡೋಕೆ ಒಂದು ಜಾಗ ಆಯ್ತು" ಎಂದಳು ಹೆಂಡತಿ. ಆಗ ನನಗೆ ಕೋಪ ಬಂದಿತ್ತು.

ಪುಣೆಯಿಂದ ನಮ್ಮೂರಿಗೆ ಹೆಚ್ಚುಕಡಿಮೆ ಎಂಟುನೂರು ಕಿಲೋಮೀಟರ್. ಓಡದ ಕಾರನ್ನು ಅಷ್ಟು ದೂರ ತರುವುದು ಹೇಗೆ? ಈ ಪ್ರಶ್ನೆಯನ್ನು ಟೀ ಅಂಗಡಿಯ ಮುಂದೆ ಗಟ್ಟಿಯಾಗಿ ಕೇಳಿದ್ದು ನನ್ನ ತಪ್ಪು. ಮಾವ ಟೀ ಲೋಟ ಕೆಳಗಿಟ್ಟರು. ಮೂವತ್ತು ವರ್ಷ ಈ ಪ್ರಶ್ನೆಗಾಗಿಯೇ ಕಾದಿದ್ದವರ ಹಾಗೆ ಕಣ್ಣು ಮುಚ್ಚಿಕೊಂಡರು.

ಮೊದಲು ಹೊಳೆದದ್ದು ನಮ್ಮೂರ ಟ್ರ್ಯಾಕ್ಟರನ್ನೇ ಪುಣೆಗೆ ಕಳಿಸುವ ಯೋಜನೆ. ಗಂಟೆಗೆ ಇಪ್ಪತ್ತೈದು ಕಿಲೋಮೀಟರಿನಂತೆ ಹೋದರೆ ಒಂದು ದಾರಿಗೇ ಮೂವತ್ತೆರಡು ಗಂಟೆಯಾಗುತ್ತದೆ ಎಂದು ನಾನು ಲೆಕ್ಕ ಹಾಕಿದೆ. "ಆಗ್ಲಿ, ದಾರೀಲಿ ಕೊಲ್ಲಾಪುರದ ಲಕ್ಷ್ಮಿ ದರ್ಶನಾನೂ ಆಯ್ತದೆ" ಎಂದರು. ಡೀಸೆಲ್ ದುಡ್ಡಿಗೆ ಇನ್ನೊಂದು ಕಾರು ಬರುತ್ತದೆ ಎಂದೆ. ವ್ಯವಸಾಯಕ್ಕೆಂದು ನೋಂದಾಯಿಸಿದ ಟ್ರೈಲರಿನಲ್ಲಿ ಕಾರು ಹೇರಿಕೊಂಡು ರಾಜ್ಯ ದಾಟಿದರೆ ಗಡಿಯಲ್ಲಿ ಆರತಿ ಎತ್ತುವುದಿಲ್ಲ ಎಂದೂ ಹೇಳಿದೆ. ಮಾವನಿಗೆ ಇದು ಹಳೆಯ ಗಾಯ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಟ್ರ್ಯಾಕ್ಟರ್ ಬಿಡುವುದಿಲ್ಲ ಎಂದಾದಾಗ ಅವರು ಎರಡು ದಿನ ಟೀ ಅಂಗಡಿಗೆ ಬಂದಿರಲಿಲ್ಲವಂತೆ. ಆ ರಸ್ತೆಗೂ ಅವರಿಗೂ ಸಂಬಂಧವೇನೂ ಇಲ್ಲ. ಎಕ್ಸೆಲ್ಲಿಗೂ ಅಲ್ಲಿ ಪ್ರವೇಶವಿಲ್ಲ ಎಂಬುದನ್ನು ಅವರು ಗಮನಿಸಿರಲಿಲ್ಲ. ಎಳೆಯುವ ಗಾಡಿಗೆ ಆದ ಅವಮಾನವೇ ದೊಡ್ಡದಾಗಿತ್ತು.

ಮುಂದೆ ಒಂದು ವಾರ ಊರಿಗೆ ಊರೇ ಸಲಹಾ ಮಂಡಳಿಯಾಯಿತು. ಡೇರಿ ಹುಡುಗ ಟಾಟಾ ಏಸ್ ಸಾಕು ಎಂದ. ಹದಿನಾಲ್ಕು ಅಡಿ ಕಾರನ್ನು ಏಳಡಿ ಚಿಲ್ಲರೆಯ ಡಬ್ಬದಲ್ಲಿ ಹೇಗೆ ಇಡುವುದು ಎಂದರೆ, "ಮುಂದಿನ ಅರ್ಧ ಒಂದು ಟ್ರಿಪ್ಪು" ಎಂದು ನಕ್ಕ. 407 ಲಾರಿ ಗಿಡ್ಡವಾಯಿತು. ಹೊಸ ಕಾರುಗಳನ್ನು ಎರಡು ಅಂತಸ್ತಿನಲ್ಲಿ ಪೇರಿಸಿಕೊಂಡು ಹೋಗುವ ಉದ್ದನೆಯ ಕ್ಯಾರಿಯರ್ ನಗರದ ಹೊರವಲಯದ ಡಿಪೋಗೆ ಮಾತ್ರ ಬರುತ್ತದೆ, ನಮ್ಮೂರ ತಿರುವಿನಲ್ಲಿ ಅದನ್ನು ತಿರುಗಿಸಬೇಕಾದರೆ ನಾಲ್ಕು ಮನೆ ಕೆಡವಬೇಕು. ಕೊಂಕಣ ರೈಲ್ವೆಯವರು 1999ರಿಂದ ಲಾರಿಗಳನ್ನೇ ರೈಲಿನ ಮೇಲೆ ನಿಲ್ಲಿಸಿ ಸಾಗಿಸುತ್ತಿದ್ದಾರೆ, ಕೋಲಾಡಿನಲ್ಲಿ ಹತ್ತಿಸಿದರೆ ಸುರತ್ಕಲ್ಲಿನಲ್ಲಿ ಇಳಿಸುತ್ತಾರೆ ಎಂದು ಮೇಷ್ಟ್ರೊಬ್ಬರು ತಿಳಿಸಿದರು. ಕಾರನ್ನು ಲಾರಿಯ ಮೇಲೆ, ಲಾರಿಯನ್ನು ರೈಲಿನ ಮೇಲೆ ಹೇರುವ ಈ ಯೋಜನೆಗೆ ಮಾವ ಅರ್ಧ ದಿನ ಮರುಳಾಗಿದ್ದರು. ಸುರತ್ಕಲ್ಲಿನಿಂದ ಶಿರಾಡಿ ಘಾಟಿ ಹತ್ತಬೇಕು, ಅದೂ ಮಳೆಗಾಲದಲ್ಲಿ, ಎಂದು ಯಾರೋ ನೆನಪಿಸಿದ ಮೇಲೆ ಬಿಟ್ಟರು.

ಈ ಮಧ್ಯೆ ಡಲ್ಲಾಸಿನಲ್ಲಿರುವ ನನ್ನ ತಂಗಿಯ ಮಗ ಫೋನಿನಲ್ಲಿ ಸಿಕ್ಕ. ಮಾವನ ಮನೆಯ ಜಗಲಿಯಲ್ಲೇ ಸ್ಪೀಕರ್ ಹಾಕಿದೆ. ಅಲ್ಲಿ ಜನ ತಾವೇ ಟ್ರೈಲರ್ ಬಾಡಿಗೆಗೆ ತಂದು, ಗಾಡಿಯ ಹಿಂದೆ ಸಿಕ್ಕಿಸಿ, ಅದರ ಮೇಲೆ ಕಾರು ಹತ್ತಿಸಿಕೊಂಡು ಸಾವಿರಾರು ಮೈಲಿ ಹೋಗುತ್ತಾರಂತೆ. "ಒಟ್ಟು ಭಾರದಲ್ಲಿ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಹುಕ್ಕಿನ ಮೇಲೆ ಬೀಳಬೇಕು ಸೋದರಮಾವ. ಕಾರನ್ನ ಸ್ವಲ್ಪ ಮುಂದಕ್ಕೇ ನಿಲ್ಲಿಸ್ಬೇಕು. ಹಿಂದೆ ಭಾರ ಹೆಚ್ಚಾದ್ರೆ ವೇಗದಲ್ಲಿ ಟ್ರೈಲರ್ ಬಾಲ ಆಡಿಸೋಕೆ ಶುರು ಮಾಡುತ್ತೆ, ಎಳೆಯೋ ಗಾಡೀನೂ ಉರುಳಿಸುತ್ತೆ."

ಮಾವ ಇದನ್ನು ಒಪ್ಪಲಿಲ್ಲ. ಅಮೆರಿಕದ ಭಾರ ಬೇರೆ, ನಮ್ಮ ಭಾರ ಬೇರೆ ಎಂದರು. ಆಗ ಮೂಲೆಯಲ್ಲಿ ಕಾಳು ಬಿಡಿಸುತ್ತಿದ್ದ ಅವರ ತಾಯಿ ತಲೆ ಎತ್ತದೆ ಹೇಳಿದರು: "ಆ ಮಗ ಸರಿಯಾಗೇ ಯೋಳ್ತಾ ಅವನೆ. ಗಾಡಿಗೆ ಹಿಂದ್ಲಾಗಿ ಭಾರ ಹೇರಿದ್ರೆ ಮೂಕಿ ಮ್ಯಾಕೇಳ್ತದೆ. ಎತ್ತಿನ ಕುತ್ಗೆಗೆ ಕಣ್ಣಿ ಬಿಗ್ದು ನೇಣು ಹಾಕ್ದಂಗಾಯ್ತದೆ. ನಿಮ್ಮಪ್ಪ ಸಂತೆಗೆ ಹೊರಡೋವಾಗ ಮುಂದ್ಕೆ ಒಂದು ಮೂಟೆ ಜಾಸ್ತಿ ಮಡಗ್ತಿರ್ನಿಲ್ವಾ?"

ಡಲ್ಲಾಸಿನಿಂದ ಒಂದು ಕ್ಷಣ ಸದ್ದಿಲ್ಲ. ಆಮೇಲೆ, "ಅಜ್ಜಿ, ಅದೇ ಅದೇ" ಎಂದು ಹುಡುಗ ಕೂಗಿದ. ಮಾವ ಎಕ್ಸೆಲ್ ಹತ್ತಿ ಹೊರಟುಹೋದರು. ಸಂಜೆ ಟೀ ಅಂಗಡಿಯಲ್ಲಿ ನೂರಕ್ಕೆ ಹತ್ತು–ಹದಿನೈದರ ಲೆಕ್ಕವನ್ನು ಅವರೇ ಕಂಡುಹಿಡಿದವರಂತೆ ನಾಲ್ಕು ಜನಕ್ಕೆ ವಿವರಿಸುತ್ತಿದ್ದರು.

ಆ ಸಿಟ್ಟಿಗೋ ಏನೋ, ಮಾರನೆಯ ದಿನವೇ ಗಾಡಿ ಗೊತ್ತುಮಾಡಿಬಿಟ್ಟರು. ಎಳನೀರು ಹೇರಿಕೊಂಡು ಪುಣೆಗೆ ಹೋದ ಹದಿನೇಳು ಅಡಿಯ ಕ್ಯಾಂಟರ್; ಖಾಲಿ ವಾಪಸ್ ಬರುವ ಬದಲು ಯಾವ ಲೋಡಾದರೂ ಸರಿ, ಬಾಡಿಗೆ ಅರ್ಧಕ್ಕರ್ಧ. ಡ್ರೈವರ್ ಚನ್ನರಾಯಪಟ್ಟಣದ ಕಡೆಯ ಹುಡುಗ. ಒಪ್ಪಲೇಬೇಕು, ನಾನು ಪುಣೆಯಲ್ಲಿ ವಿಚಾರಿಸಿದ್ದ ಎಲ್ಲ ದರಗಳಿಗಿಂತ ಇದು ಸೋವಿ. ಟ್ರೈಲರ್ ಎಂದು ಹೊರಟವರು ಕ್ಯಾಂಟರಿಗೆ ಬಂದಿರಲ್ಲ ಎಂದರೆ, "ಡಬ್ಬ ಡಬ್ಬಾನೇ. ಇದಕ್ಕೆ ಎಂಜಿನ್ ಅಂಟ್ಕೊಂಡದೆ, ಅಷ್ಟೇ" ಎಂದರು.

ಕಾರು ಹತ್ತಿಸಿದ್ದನ್ನು ನಾನು ಪುಣೆಗೆ ಹೋಗಿ ನಿಂತು ನೋಡಿದೆ. ಮಾವ ವಿಡಿಯೋ ಕಾಲಿನಲ್ಲಿ ನೋಡಿದರು. ಕ್ಯಾಂಟರನ್ನು ಒಂದು ದಿಬ್ಬಕ್ಕೆ ಹಿಮ್ಮುಖವಾಗಿ ಒತ್ತಿ ನಿಲ್ಲಿಸಿ, ಹಲಗೆ ಹಾಸಿ, ಹಗ್ಗ ಕಟ್ಟಿ ಎಂಟು ಜನ ಎಳೆದರು. ಚಕ್ರಕ್ಕೆ ಮರದ ಗಟ್ಟೆ ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ಹಾಕಿ, ನಾಲ್ಕೂ ಚಕ್ರಕ್ಕೆ ಪಟ್ಟಿ ಬಿಗಿದದ್ದು ಡ್ರೈವರ್ ಹುಡುಗನ ಸ್ವಂತ ಬುದ್ಧಿ. ಮಾವನ ಕೊಡುಗೆ "ಇನ್ನೊಂದ್ ಸ್ವಲ್ಪ, ಇನ್ನೊಂದ್ ಸ್ವಲ್ಪ, ಸಾಕು, ಸಾಕು ಅಂದ್ನಲ್ಲಯ್ಯ" ಎಂಬುದು. ಎನ್‌ಒಸಿ ಕಾಗದ ಮಾತ್ರ ಅವರೇ ನೆನಪಿಸಿದ್ದು. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ನಂಬರ್ ಮಾಡಿಸಬೇಕು. ಎಂಎಚ್ 12 ಹೋಗಿ ಕೆಎ 13 ಆಗಬೇಕು. ಓಡದ ಕಾರಿಗೂ ಆರ್‌ಟಿಓ ಬಿಡುವುದಿಲ್ಲ.

ನಾನು ರೈಲು ಹತ್ತಿ ಮುಂಚೆಯೇ ಊರು ಸೇರಿದೆ. ಡ್ರೈವರನ ಜೊತೆ ಮಾತುಕತೆಯೆಲ್ಲ ಮಾವನದೇ. ನಿಪ್ಪಾಣಿ ದಾಟಿತು, ಹುಬ್ಬಳ್ಳಿ ದಾಟಿತು, ಅರಸೀಕೆರೆಗೆ ಬಂತು ಎಂದು ಸುದ್ದಿ ಬರುತ್ತಿತ್ತು. ಅಡ್ರೆಸ್ ಸರಿಯಾಗಿ ಕೊಟ್ಟಿದ್ದೀರಾ ಮಾವ ಎಂದರೆ, "ಶೆಟ್ಟಿಹಳ್ಳಿ ಅಂದಿವ್ನಿ. ಯಾರ್ನ ಕೇಳಿದ್ರೂ ತೋರಿಸ್ತಾರೆ" ಎಂದರು.

ತೋರಿಸುತ್ತಾರೆ, ನಿಜ. ಆದರೆ ಶೆಟ್ಟಿಹಳ್ಳಿ ಎಂಬ ಊರು ಹಾಸನ ತಾಲೂಕಿನಲ್ಲಿ ನಮ್ಮದಿದೆ. ಹೊಳೆನರಸೀಪುರ ತಾಲೂಕಿನಲ್ಲಿದೆ, ಅರಕಲಗೂಡಿನಲ್ಲಿದೆ, ಚನ್ನರಾಯಪಟ್ಟಣದಲ್ಲೂ ಇದೆ. ಹಿಂದೆ ಯಾವ ಶೆಟ್ಟರ ಗಾಡಿ ಎಲ್ಲೆಲ್ಲಿ ಅಚ್ಚು ಮುರಿದು ನಿಂತಿತೋ. ಅರಸೀಕೆರೆಯಿಂದ ಹಾಸನಕ್ಕೂ ದಾರಿಯಿದೆ, ಚನ್ನರಾಯಪಟ್ಟಣಕ್ಕೂ ದಾರಿಯಿದೆ. ಚನ್ನರಾಯಪಟ್ಟಣದ ಹುಡುಗನಿಗೆ ಹುಟ್ಟಿದಾಗಿನಿಂದ ಗೊತ್ತಿರುವ ಶೆಟ್ಟಿಹಳ್ಳಿ ಒಂದೇ.

ಮಧ್ಯಾಹ್ನ ಫೋನು ಬಂತು. "ಬಂದ್ಬಿಟ್ಟೆ ಸಾರ್, ಶೆಟ್ಟಿಹಳ್ಳೀಲಿ ನಿಂತಿವ್ನಿ." ನಾವು ಬಾಗಿಲಿಗೆ ಓಡಿ ಬಂದು ನೋಡಿದರೆ ಬೀದಿಯಲ್ಲಿ ಒಂದು ಎಮ್ಮೆ ಬಿಟ್ಟರೆ ಏನೂ ಇಲ್ಲ.

"ಚರ್ಚು ಕಾಣ್ತದೇನಪ್ಪಾ?" ಎಂದರು ಮಾವ. ನಮ್ಮೂರ ಗುರುತೇ ಅದು. ಫ್ರೆಂಚ್ ಪಾದ್ರಿಗಳು 1860ರ ಸುಮಾರಿಗೆ ಕಟ್ಟಿದ ಚರ್ಚು, ಗೊರೂರು ಅಣೆಕಟ್ಟು ಬಂದ ಮೇಲೆ ಬೇಸಿಗೆಯಲ್ಲಿ ನೆಲದ ಮೇಲೆ, ಮಳೆಗಾಲದಲ್ಲಿ ಹಿನ್ನೀರಿನಲ್ಲಿ ನಿಲ್ಲುತ್ತದೆ.

"ಚರ್ಚು ಕಾಣಕ್ಕಿಲ್ಲ ಸಾರ್."

"ಮುಳುಗಿರ್ತದೆ, ಸರಿಯಾಗಿ ನೋಡು. ನೀರು ಕಾಣ್ತದಾ?"

"ಕೆರೆ ಕಾಣ್ತದೆ ಸಾರ್."

"ಅದೇ, ಅದೇ! ಅದ್ರೊಳಗೇ ಐತೆ ಚರ್ಚು. ಈ ಸಲ ಮಳೆ ಜಾಸ್ತಿ."

ನಾನು ಫೋನು ಕಿತ್ತುಕೊಳ್ಳುವಷ್ಟರಲ್ಲಿ ಆ ಕಡೆ ಯಾರೋ ಡ್ರೈವರನ ಕೈಯಿಂದ ಕಿತ್ತುಕೊಂಡಿದ್ದರು. ಧ್ವನಿ ಕೇಳಿ ನನಗೆ ಮೈ ಜುಮ್ಮೆಂದಿತು. ನಮ್ಮ ಮಾವನ ಧ್ವನಿಯೇ, ಅದೇ ರಾಗ, ಅದೇ "ಹೂಂ."

"ಯಾರ್ರೀ ಈ ಗಾಡಿ ಗೊತ್ತುಮಾಡಿದ್ದು? ಕಾರು ಇಳಿಸೋಕೆ ಹದಿನೇಳು ಅಡಿ ಕ್ಯಾಂಟರ್ ತಂದವ್ರಲ್ಲ, ಟ್ರೈಲರ್ ಆಗಿದ್ರೆ ತಗ್ಗಾಗಿರ್ತಿತ್ತು. ಬಾಡಿಗೆ ಪೂರ್ತಿ ಕೊಟ್ಬಿಟ್ರಾ?"

ನಮ್ಮ ಮಾವನ ಮುಖದಲ್ಲಿ, ಜಾತ್ರೆಯಲ್ಲಿ ಕಳೆದುಹೋದ ತಮ್ಮ ಸಿಕ್ಕಿದಂಥ ಕಳೆ. ಊರು ತಪ್ಪಾಗಿದೆ ಎಂಬ ಸಣ್ಣ ಸಂಗತಿ ಇಬ್ಬರಿಗೂ ಮುಖ್ಯವಾಗಲಿಲ್ಲ. ದಿಬ್ಬ ಎಲ್ಲಿದೆ, ಕೆರೆ ಏರಿಗೆ ಒತ್ತಿ ನಿಲ್ಲಿಸಬಹುದೇ, ಹಲಗೆ ಮಾವಿನದೋ ಹಲಸಿನದೋ, ಎಂಜಿನ್ ಇರುವ ಕಡೆ ಭಾರ ಎಷ್ಟು ಎಂದು ಮುಕ್ಕಾಲು ಗಂಟೆ ಚರ್ಚೆಯಾಯಿತು. ನೂರಕ್ಕೆ ಹತ್ತು–ಹದಿನೈದರ ಲೆಕ್ಕವೂ ಬಂತು. ನಾನು ಪಕ್ಕದಲ್ಲಿ ನಿಂತು "ಇಳಿಸಬೇಡಿ ಅನ್ನಿ ಮಾವ" ಎಂದು ಬಡಿದುಕೊಳ್ಳುತ್ತಿದ್ದೆ. ಅವರು ನನ್ನ ಕಡೆ ಕೈ ಅಡ್ಡ ಹಿಡಿದು, "ಸುಮ್ಕಿರಯ್ಯ, ತಿಳಿದೋರು ಮಾತಾಡ್ತಾ ಇವ್ರೆ" ಎಂದರು.

ಒಂದು ಗೀರೂ ಬೀಳದಂತೆ ಕಾರು ಇಳಿಯಿತು. ಕ್ಯಾಂಟರ್ ಬಾಡಿಗೆ ಎಣಿಸಿಕೊಂಡು ಹೊರಟುಹೋಯಿತು.

ಇದು ಆಗಿ ಇವತ್ತಿಗೆ ಹನ್ನೊಂದು ದಿನ. ಆ ಶೆಟ್ಟಿಹಳ್ಳಿಯಿಂದ ಈ ಶೆಟ್ಟಿಹಳ್ಳಿಗೆ ಕಾರನ್ನು ತರಲು ಎರಡು ಚಕ್ರದ ಟ್ರೈಲರ್ ಒಳ್ಳೆಯದೋ ನಾಲ್ಕು ಚಕ್ರದ್ದೋ ಎಂದು ಇಬ್ಬರು ಮಾವಂದಿರೂ ದಿನಾ ಸಂಜೆ ಫೋನಿನಲ್ಲಿ ಮಾತಾಡಿಕೊಳ್ಳುತ್ತಿದ್ದಾರೆ. ಅವಸರ ಮಾಡಬೇಡ, ಮುಂಗಡ ಮಾತ್ರ ಯಾರಿಗೂ ಕೊಡಬೇಡ ಎಂದು ನನಗೆ ಕಟ್ಟಪ್ಪಣೆಯಾಗಿದೆ. ನಿನ್ನೆ ಆ ಕಡೆಯವರು ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ್ದರು, ಕಾರು ಕ್ಷೇಮವಾಗಿದೆ ಎಂದು ತೋರಿಸಲು. ಹಿಂದಿನ ಕಿಟಕಿ ಅರ್ಧ ಇಳಿದಿದೆ. ಸೀಟಿನ ಮೇಲೆ ಒಂದು ಕೆಂಪು ಹೇಂಟೆ ರೆಕ್ಕೆ ಅಗಲಿಸಿ ಕೂತಿದೆ.

ಹೆಂಡತಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಮೊಟ್ಟೆ ಯಾರಿಗೆ ಸೇರ್ತವೆ ಅಂತ ಕೇಳಿ" ಎಂದಳು.